ಇಪ್ಪತ್ತು ಸಾವಿರದ ಒಂದನೆಯವನು

ಹಾಸೆಲ್‌ಟಾಲ್ ನಗರಸಭೆಯ ಮೂರನೇ ಕೌಂಟರಿನಲ್ಲಿ ಗೆರ್ಲಿಂಡೆ ರಾಪ್ ಕೂತಿದ್ದಾಳೆ ಎಂದರೆ ಮನೆ ಬದಲಿಸಿದವರಿಗೆ ಎದೆ ಡವಗುಟ್ಟುತ್ತಿತ್ತು. ಊರಿಗೆ ಬಂದವರು, ಊರು ಬಿಟ್ಟವರು, ಈ ಬೀದಿಯಿಂದ ಆ ಬೀದಿಗೆ ಹೋದವರು, ಎಲ್ಲರೂ ಎರಡು ವಾರದೊಳಗೆ ಅವಳ ಮುಂದೆ ನಿಂತು ಹೆಸರು ಬರೆಸಬೇಕು. ಮೂವತ್ತೊಂದು ವರ್ಷದಿಂದ ಅವಳು ಈ ಕೆಲಸ ಮಾಡುತ್ತಿದ್ದಳು. ತಡವಾಗಿ ಬಂದವರನ್ನು ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ವಿಚಾರಿಸಿಕೊಳ್ಳುತ್ತಿದ್ದಳು.

"ಎರಡು ವಾರ ಅಂದ್ರೆ ಎಷ್ಟು ದಿನ ರೀ? ಹದಿನೇಳಾ? ನಿಮ್ಮನೇಲಿ ವಾರಕ್ಕೆ ಎಂಟೂವರೆ ದಿನ ಇರತ್ತಾ?"

ಪಾಪ, ಆ ಮನುಷ್ಯ ಕಿವಿಯವರೆಗೆ ಕೆಂಪಾಗಿ ಸಹಿ ಹಾಕುತ್ತಿದ್ದ. ಅವನಿಗೆ ಪೆನ್ನಿನ ಮುಚ್ಚಳ ಹಾಕುವುದಕ್ಕೂ ಬಿಡದೆ ಅವಳು "ಮುಂದಿನವರು!" ಎಂದು ಕೂಗುತ್ತಿದ್ದಳು. ಊರಿನ ಹೋಟೆಲಿನಲ್ಲಿ ಬಿಯರ್ ಲೋಟ ಖಾಲಿಯಾದಾಗ ಗಂಡಸರು ಅವಳದೇ ದನಿಯಲ್ಲಿ "ಮುಂದಿನವರು!" ಎಂದು ಕೂಗಿ ನಗುವಷ್ಟು ಆ ಮಾತು ಹೆಸರುವಾಸಿಯಾಗಿತ್ತು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಇಂಥವಳು ಒಂದು ಕಾಗದವನ್ನು ಎರಡು ವರ್ಷದಿಂದ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಕೆಮ್ಮಿನ ಮಾತ್ರೆಯ ಡಬ್ಬಿಯ ಅಡಿಗೆ ಬಚ್ಚಿಟ್ಟಿದ್ದಳು ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಆ ಕಾಗದದ ಕತೆ ಹೀಗೆ. ಹಾಸೆಲ್‌ಟಾಲಿಗೆ ಒಂದೇ ಒಂದು ಆಸೆಯಿತ್ತು, ಇಪ್ಪತ್ತು ಸಾವಿರ ಜನ ಆಗಬೇಕು. ಆ ಗೆರೆ ದಾಟಿದರೆ ಈ ಸೀಮೆಯಲ್ಲಿ ಊರಿಗೆ ದೊಡ್ಡ ಪಟ್ಟಣವೆಂಬ ಪದವಿ ಸಿಗುತ್ತದೆ, ಮೇಯರ್ ಹೋಗಿ ಹಿರಿಯ ಮೇಯರ್ ಆಗುತ್ತಾನೆ. ಪಕ್ಕದ ಕ್ರೆನ್‌ಬ್ಯೂಲ್ ಹತ್ತು ವರ್ಷದ ಹಿಂದೆಯೇ ದಾಟಿ ಕೂತಿತ್ತು. ಅಲ್ಲಿಯವರ ಬಾಯಿಗೆ ಬೀಗವೆಂಬುದಿಲ್ಲ. "ನಿಮ್ಮೂರಲ್ಲಿ ಇರೋವೇ ಎರಡು ಸಿಗ್ನಲ್ಲು, ಒಂದು ಕೆಟ್ಟೋದ್ರೆ ಊರಿಗೆಲ್ಲ ರಜಾನಂತೆ?" ಎಂದು ಫುಟ್‌ಬಾಲ್ ಮೈದಾನದಲ್ಲಿ ಆಡಿಕೊಳ್ಳುತ್ತಿದ್ದರು. ಮೇಯರ್ ಕ್ನಾಪ್ ಇದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ. ನಗರಸಭೆಯ ಮೊಗಸಾಲೆಯಲ್ಲಿ ಒಂದು ಹಲಗೆ ತೂಗುಹಾಕಿಸಿ, ಅದರಲ್ಲಿ ಊರಿನ ಜನಸಂಖ್ಯೆಯನ್ನು ದಿನಾ ಬೆಳಿಗ್ಗೆ ಬದಲಿಸುವ ಕೆಲಸವನ್ನು ಗೆರ್ಲಿಂಡೆಗೆ ವಹಿಸಿದ್ದ. ಅಂಕಿಯ ತಗಡುಗಳನ್ನು ಅವಳು ಕೈಯಾರೆ ಕೊಕ್ಕೆಗೆ ಸಿಕ್ಕಿಸುತ್ತಿದ್ದಳು. ಒಂದು ಮಗು ಹುಟ್ಟಿದರೆ ಇಬ್ಬರು ಮುದುಕರು ಸಾಯುವ ಊರು ಅದು. ವರ್ಷಗಟ್ಟಲೆ ಅವಳು ತಗಡು ಹತ್ತಿಸಿದ್ದಕ್ಕಿಂತ ಇಳಿಸಿದ್ದೇ ಹೆಚ್ಚು.

ಕೊನೆಗೆ ಹೊಸ ಬಡಾವಣೆ ಎದ್ದು, ಒಂದು ಸೆಪ್ಟೆಂಬರ್ ತಿಂಗಳ ಗುರುವಾರ ಹಲಗೆಯ ಮೇಲೆ ೧೯,೯೯೯ ಬಂದು ನಿಂತಿತು. ಮೇಯರ್ ಹೂಗುಚ್ಛ ತರಿಸಿದ. ಸಾಸೇಜು, ಜಾಮು, ಊರಿನ ವೈನು ತುಂಬಿದ ಬುಟ್ಟಿ ಬಂತು. ಇಪ್ಪತ್ತು ಸಾವಿರದವರಿಗೆ ಈಜುಕೊಳಕ್ಕೆ ಜೀವಮಾನವಿಡೀ ಉಚಿತ ಪ್ರವೇಶವೆಂದು ಪಾಸು ಅಚ್ಚಾಯಿತು. ಪತ್ರಿಕೆಯ ಫೋಟೋಗ್ರಾಫರ್ ಎಂಟು ಗಂಟೆಗೇ ಬಂದು ಬಾಗಿಲಲ್ಲಿ ಕೂತ.

ಅದೇ ಬೆಳಗಿನ ಟಪಾಲಿನಲ್ಲಿ ಆ ಕಾಗದ ಬಂದದ್ದು. ಕಳಿಸಿದವಳು ಗೆರ್ಲಿಂಡೆಯ ಸ್ವಂತ ತಂಗಿ ಲೀಸೆಲ್. ಅಪ್ಪ ಬಿಟ್ಟುಹೋದ ಮನೆಯಲ್ಲಿ ಅಕ್ಕ ಕೆಳಗೆ, ತಂಗಿ ಮೊದಲ ಮಹಡಿಯಲ್ಲಿ ಇದ್ದರು. ಐವತ್ತೆರಡು ದಾಟಿದ ಲೀಸೆಲ್, ಹನ್ನೊಂದು ದಿನದ ಹಿಂದೆ, ಗಡಿಯ ಸರೋವರದ ಆಚೆಯ ಸ್ವಿಸ್ ದಡದ ಒಬ್ಬ ದೋಣಿ ರಿಪೇರಿಯವನ ಜೊತೆ ಇರುತ್ತೇನೆಂದು ಹೊರಟುಹೋಗಿದ್ದಳು. "ಈ ವಯಸ್ಸಲ್ಲಿ ನಿಂಗೇನು ಬಂತೇ ರೋಗ?" ಎಂದು ಅಕ್ಕ ಕೇಳಿದ್ದಳು. "ನಿನ್ ಕೌಂಟರಲ್ಲಿ ನಿಂತ ಹಾಗೆ ಬದುಕಿದ್ದು ಸಾಕಾಯ್ತು" ಎಂದು ತಂಗಿ ಹೇಳಿದ್ದಳು. ಈಗ ದೇಶ ಬಿಟ್ಟಿದ್ದೇನೆ, ಹೆಸರು ತೆಗೆಯಿರಿ ಎಂಬ ಅರ್ಜಿಯನ್ನು ಒಂದು ಕಾಲಂ ಬಿಡದೆ ತುಂಬಿ ಕಳಿಸಿದ್ದಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: "ಅಕ್ಕಾ, ಎರಡು ವಾರದ ಒಳಗೇ ಕಳಿಸಿದೀನಿ. ನೀನೇ ಕಲಿಸಿದ್ದು."

ಗೆರ್ಲಿಂಡೆ ಕಾಗದ ಹಿಡಿದು ಕೂತಳು. ಅದನ್ನು ಕಂಪ್ಯೂಟರಿಗೆ ಹಾಕಿದರೆ ಹಲಗೆ ೧೯,೯೯೮ಕ್ಕೆ ಇಳಿಯಬೇಕು. ಗಾಜಿನ ಬಾಗಿಲ ಆಚೆ ಮೇಯರ್ ಹೊಸ ಟೈ ಕಟ್ಟಿಕೊಂಡು ಹೂಗುಚ್ಛದ ನೀರು ಒರೆಸುತ್ತಿದ್ದ. ಇಡೀ ಊರು ಹತ್ತು ವರ್ಷ ಕಾದ ದಿನ ತನ್ನ ಮನೆಯಿಂದಲೇ ಒಬ್ಬಳು ಕಡಿಮೆಯಾಗಬೇಕೇ? ಅದೂ ಅಲ್ಲದೆ, ಆ ದೋಣಿಯವನ ವ್ಯಾಮೋಹ ಎಷ್ಟು ದಿನ, ಕ್ರಿಸ್‌ಮಸ್ಸಿಗೆ ಇವಳು ವಾಪಸ್ಸು ಬಂದೇ ಬರುತ್ತಾಳೆ ಎಂದುಕೊಂಡಳು. ನಾಳೆ ಹಾಕಿದರಾಯಿತು ಎಂದು ಕಾಗದವನ್ನು ಡ್ರಾಯರಿಗೆ ತಳ್ಳಿದಳು. ಇನ್ನೊಬ್ಬರು ಯಾರಾದರೂ ಈ ಮಾತು ಹೇಳಿದ್ದರೆ ಅವಳು ಅವರ ಚರ್ಮ ಸುಲಿಯುತ್ತಿದ್ದಳು.

ಹತ್ತು ಗಂಟೆಗೆ ಪ್ರಿಜ್ರೆನ್ ಎಂಬ ಪರದೇಶದ ಊರಿನ ಕಡೆಯ ಒಬ್ಬ ಹುಡುಗಿ ಬಂದಳು. ಹೆಸರು ಶ್ಪ್ರೆಸಾ. ಮದುವೆಯಾಗಿ ಹೊಸದಾಗಿ ಈ ಊರಿಗೆ ಬಂದವಳು, ಸಂತೆ ಚೌಕದ ಬೇಕರಿಯಲ್ಲಿ ಕೆಲಸ ಸಿಕ್ಕಿತ್ತು. ಅವಳು ಸಹಿ ಹಾಕಿದ ಕೂಡಲೇ ಮೇಯರ್ ಬಾಗಿಲು ತಳ್ಳಿಕೊಂಡು ಬಂದು ಕೈಗೆ ಹೂ ತುರುಕಿದ. ಅವಳು ಏನೋ ತಪ್ಪಾಯಿತೆಂದು ಹೆದರಿ ಪಾಸ್‌ಪೋರ್ಟ್ ಮುಂದೆ ಹಿಡಿದಳು. ಎಲ್ಲರೂ ನಕ್ಕರು.

ಅವಳ ಹಿಂದೆ ಸಾಲಿನಲ್ಲಿ ಬೂದು ಕೋಟಿನ ಮುದುಕರೊಬ್ಬರು ಸೂಟ್‌ಕೇಸ್ ಹಿಡಿದು ನಿಂತಿದ್ದರು. ಫೋಟೋಗ್ರಾಫರ್ ಗೊಣಗಿದ. ಗೆರ್ಲಿಂಡೆಯೇ ಎದ್ದು, "ಯಜಮಾನ್ರೇ, ಸ್ವಲ್ಪ ಆ ಕಡೆ ಸರೀರಿ, ಫೋಟೋಗೆ ಅಡ್ಡ ಬರ್ತಾ ಇದೀರಿ" ಎಂದಳು. ಅವರು ಸರಿದರು. ಸೂಟ್‌ಕೇಸ್ ಮಾತ್ರ ಇದ್ದಲ್ಲೇ ಉಳಿಯಿತು.

ಸಂಭ್ರಮ ಮುಗಿದ ಮೇಲೆ ಅವರು ಕೌಂಟರಿಗೆ ಬಂದರು. ಹೆಸರು ಆನ್ಸ್‌ಗರ್ ಲೋಸೆ, ರಿಟೈರಾದ ಸರ್ವೇಯರ್. ಎಲ್ಲಿಂದ ಬಂದಿರಿ ಎಂದರೆ ಕ್ರೆನ್‌ಬ್ಯೂಲ್ ಎಂದರು. ಬಾಗಿಲಲ್ಲಿದ್ದ ಮೇಯರ್, "ಅಬ್ಬಾ, ಒಂದು ನಿಮಿಷದಲ್ಲಿ ಮರ್ಯಾದೆ ಉಳೀತು! ಇವರು ಮುಂದೆ ನಿಂತಿದ್ರೆ ಕ್ರೆನ್‌ಬ್ಯೂಲಿನವರಿಗೆ ಹಾರ ಹಾಕಬೇಕಿತ್ತು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಲೋಸೆಯವರೂ ನಕ್ಕರು. "ಹಾಗಾದ್ರೆ ನಾನು ಇಪ್ಪತ್ತು ಸಾವಿರದ ಒಂದನೆಯವನು, ಅಲ್ವಾ ಮೇಡಂ?"

"ಸಹಿ ಇಲ್ಲಿ. ಮುಂದಿನವರು!" ಎಂದಳು ಗೆರ್ಲಿಂಡೆ.

ನಾಳೆ ಎಂದದ್ದು ನಾಳಿದ್ದಾಯಿತು. ಕ್ರಿಸ್‌ಮಸ್ಸಿಗೆ ಲೀಸೆಲ್ ಬರಲಿಲ್ಲ, ದೋಣಿಯ ಚಿತ್ರದ ಕಾರ್ಡು ಬಂತು. ಹಲಗೆಯ ಮೇಲಿನ ಅಂಕಿ ಮೂರು ಹತ್ತಿ ಎರಡು ಇಳಿಯುತ್ತಿತ್ತು. ಊರಿಗೆ ಪದವಿ ಬಂತು, ಕ್ನಾಪ್ ಹಿರಿಯ ಮೇಯರ್ ಆಗಿ ಹೊಸ ಲೆಟರ್‌ಹೆಡ್ ಮಾಡಿಸಿಕೊಂಡ. ಈಗ ಆ ಅರ್ಜಿಯನ್ನು ಹಳೆಯ ತಾರೀಕಿನ ಸಮೇತ ಹಾಕಿದರೆ ಯಾಕೆ ತಡವಾಯಿತೆಂದು ಕೇಳುವವರಿದ್ದರು. ಸುಳ್ಳು ತಾರೀಕು ಹಾಕಲು ಅವಳ ಕೈ ಬರಲಿಲ್ಲ. ಕಳ್ಳತನದಲ್ಲೂ ಅವಳಿಗೆ ಶಿಸ್ತು ಬೇಕಿತ್ತು ನೋಡಿ.

ಸುಳ್ಳು ಕಾಗದದಲ್ಲಿದ್ದರೂ ಬೆವರು ಸುರಿಸಬೇಕಾದದ್ದು ಮನೆಯಲ್ಲಿ. ಆ ಸೀಮೆಯ ಮನೆಗಳಲ್ಲಿ ಮೆಟ್ಟಿಲು, ಮೊಗಸಾಲೆ, ಮುಂದಿನ ಕಾಲುದಾರಿ ಗುಡಿಸುವುದು ವಾರಕ್ಕೊಬ್ಬರ ಸರದಿ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಮರದ ಹಲಗೆ ನೇತಾಡುತ್ತದೆ. ದೇವರನ್ನು ನಂಬದವರೂ ಆ ಹಲಗೆಗೆ ಹೆದರುತ್ತಾರೆ. ಮೂರು ಮನೆಯ ಆ ಕಟ್ಟಡದಲ್ಲಿ ಲೀಸೆಲ್ ಹೆಸರು ದಾಖಲೆಯಲ್ಲಿದ್ದಾಗ ಅವಳ ವಾರವನ್ನು ಹಾರಿಸುವುದು ಹೇಗೆ? ಗೆರ್ಲಿಂಡೆ ತನ್ನ ವಾರ ಮುಗಿಸಿ, ಹಲಗೆಯನ್ನು ತಾನೇ ತಂಗಿಯ ಖಾಲಿ ಮನೆಯ ಬಾಗಿಲಿಗೆ ತೂಗುಹಾಕಿ, ಮತ್ತೆ ತಾನೇ ಬಕೆಟ್ಟು ಹಿಡಿದು ಮಂಡಿಯೂರುತ್ತಿದ್ದಳು.

ಮೇಲಿನ ಮಹಡಿಯ ಹೈನ್ಲೆ ಅಜ್ಜಿ ಕಟಕಟೆಯಿಂದ ಬಗ್ಗಿ ನೋಡುತ್ತಿದ್ದಳು. "ಅಲ್ವೇ ಗೆರ್ಲಿಂಡೆ, ಇಲ್ದೋಳ ಬಾಗಿಲಿಗೆ ಹಲಗೆ ಯಾಕೇ ನೇತಾಕ್ತೀಯಾ? ನಾವಿಬ್ರೇ ಹಂಚ್ಕೊಂಡ್ರೆ ಆಯ್ತಪ್ಪ."

"ಅವಳು ಬರ್ತಾಳೆ, ಹೋಗ್ತಾಳೆ ಅಜ್ಜಿ."

"ಹೋಗಿದ್ದು ನೋಡ್ದೆ. ಬಂದಿದ್ದು ನೋಡ್ಲಿಲ್ಲ."

ಗೆರ್ಲಿಂಡೆ ಮುಖ ಎತ್ತದೆ ಮೆಟ್ಟಿಲು ಉಜ್ಜುತ್ತಿದ್ದಳು. ಸಂಕಟ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಬೆಳಿಗ್ಗೆ ಬೇಕರಿ ಇತ್ತು. ಶ್ಪ್ರೆಸಾಳನ್ನು ಊರೆಲ್ಲ "ಇಪ್ಪತ್ತು ಸಾವಿರದಮ್ಮ" ಎಂದೇ ಕರೆಯುತ್ತಿತ್ತು. ಪತ್ರಿಕೆಯ ಫೋಟೋಗೆ ಚೌಕಟ್ಟು ಹಾಕಿಸಿ ಅವಳು ಬ್ರೆಡ್ಡಿನ ಕಪಾಟಿನ ಮೇಲೆ ತೂಗುಹಾಕಿದ್ದಳು. ಗೆರ್ಲಿಂಡೆ ಕಂಡರೆ ಸಾಕು, ಸಾಲು ದಾಟಿಸಿ ಗಂಟು ಹಾಕಿದಂತಿರುವ ಬ್ರೆಟ್ಸೆಲ್ ಎಂಬ ಬ್ರೆಡ್ಡಿಗೆ ಬೆಣ್ಣೆ ಸವರಿ ಕೈಗಿಡುತ್ತಿದ್ದಳು.

"ತಗೊಳ್ಳಿ ಫ್ರೌ ರಾಪ್, ನಿಮ್ಮ ಕೈಗುಣ! ನಮ್ಮಮ್ಮ ಫೋನಲ್ಲಿ ಊರವ್ರಿಗೆಲ್ಲ ಹೇಳ್ತಾಳೆ, ನನ್ ಮಗಳು ಕಾಲಿಟ್ಟಿದ್ದಕ್ಕೇ ಆ ಊರು ಪಟ್ಟಣ ಆಯ್ತು ಅಂತ."

ಬೇಡವೆನ್ನಲಾಗದೆ ಗೆರ್ಲಿಂಡೆ ಅದನ್ನು ತಿನ್ನುತ್ತಿದ್ದಳು. ಬೇರೆ ಬೇಕರಿಗೆ ಹೋಗೋಣವೆಂದರೆ ಅದಕ್ಕೂ ಮುಖವಿಲ್ಲ, ಯಾಕೆ ಬರಲಿಲ್ಲ ಎಂದು ಹುಡುಗಿ ಕೇಳಿಬಿಟ್ಟಾಳು. ಫೋಟೋದ ಬಲ ಅಂಚಿನಲ್ಲಿ ಅರ್ಧ ಸೂಟ್‌ಕೇಸ್ ಕಾಣುತ್ತಿತ್ತು. ಅವಳ ಕಣ್ಣು ದಿನಾ ಅಲ್ಲಿಗೇ ಹೋಗುತ್ತಿತ್ತು. ಲೀಸೆಲ್ ಹೆಸರು ತೆಗೆದಿದ್ದರೆ ಈ ಹುಡುಗಿ ಹತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಇಪ್ಪತ್ತು ಸಾವಿರ ಆ ಸೂಟ್‌ಕೇಸಿನವರು. ಮಗ್ಗಿ ಗೊತ್ತಿರುವ ಯಾರಿಗಾದರೂ ತಿಳಿಯುವ ಲೆಕ್ಕ, ಆದರೆ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಹೀಗೇ ಎರಡು ವರ್ಷವಾಗುತ್ತ ಬಂದಾಗ, ವಸಂತದಲ್ಲಿ ದೇಶದ ಜನಗಣತಿ ಬಂತು. ಮನೆಮನೆಗೂ ಹೋಗುವುದಿಲ್ಲ, ಚೀಟಿ ಎತ್ತಿದ ಹಾಗೆ ಕೆಲವು ಮನೆ ಆರಿಸಿ, ಅಲ್ಲಿ ನಿಜವಾಗಿ ಎಷ್ಟು ಜನ ಇದ್ದಾರೆಂದು ಕೇಳಿ, ಅದರ ಮೇಲೆ ಊರಿನ ದಾಖಲೆಯನ್ನು ತೂಗುತ್ತಾರೆ. ಆರಿಸಿದ ಒಂದು ಮನೆಯಲ್ಲಿ ಒಬ್ಬರು ಸುಳ್ಳೆಂದು ಸಿಕ್ಕರೆ, ಊರಿನ ಲೆಕ್ಕದಿಂದ ಹತ್ತು ಹದಿನೈದು ಜನ ಕಳೆದುಹೋಗುತ್ತಾರೆ. ಹಿರಿಯ ಮೇಯರ್ ಸಿಬ್ಬಂದಿಯನ್ನೆಲ್ಲ ಕರೆಸಿ, "ನಾವೀಗ ಇರೋದು ಇಪ್ಪತ್ತು ಸಾವಿರದ ಒಂಬತ್ತು. ನಮ್ಮ ದಾಖಲೆ ಅಪ್ಪಟ ಬಂಗಾರ. ಫ್ರೌ ರಾಪ್ ಇರೋವರೆಗೂ ನಂಗೆ ಚಿಂತೆ ಇಲ್ಲ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕೆಮ್ಮು ಬಂದವಳಂತೆ ಹೊರಗೆ ಎದ್ದುಹೋದಳು.

ಶುಕ್ರವಾರ ಮನೆಗೆ ಬಂದಾಗ ಮೂರು ಅಂಚೆಪೆಟ್ಟಿಗೆಗಳಲ್ಲೂ ಗಣತಿಯ ಚೀಟಿ ಇತ್ತು. ಇಡೀ ಊರಿನಲ್ಲಿ ಆರಿಸಿದ ಮನೆಗಳಲ್ಲಿ ಅವಳದೂ ಒಂದು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಶನಿವಾರ ಹನ್ನೊಂದು ಗಂಟೆಗೆ ಗಣತಿದಾರರು ಬರುತ್ತಾರೆಂದು ಚೀಟಿಯಲ್ಲಿತ್ತು. ಕೆಳಗೆ ಚೊಕ್ಕ ಅಕ್ಷರದಲ್ಲಿ ಹೆಸರು: ಆ. ಲೋಸೆ.

ಹನ್ನೊಂದಕ್ಕೆ ಸರಿಯಾಗಿ ಬೆಲ್ಲಾಯಿತು. ಅದೇ ಬೂದು ಕೋಟು, ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಫೈಲು. ಗೆರ್ಲಿಂಡೆ ಅಡುಗೆಮನೆಯ ಮೇಜಿಗೆ ಕರೆದು ಕಾಫಿ ಕೊಟ್ಟಳು.

"ನೆನಪಿದೀನಾ ಮೇಡಂ? ಇಪ್ಪತ್ತು ಸಾವಿರದ ಒಂದು!" ಎಂದು ಅವರು ನಕ್ಕರು. "ಬೇಕರಿ ಹುಡುಗಿ ನನ್ನ ಹಾಗೇ ಕರೆಯೋದು. 'ಬನ್ನಿ ಒಂದನೆಯವರೇ, ನಿಮಗೆ ಒಂದು ನಿಮಿಷ ಲೇಟಾಯ್ತು' ಅಂತಾಳೆ. ಊರಲ್ಲಿ ಯಾರ ಪರಿಚಯಾನೂ ಇರ್ಲಿಲ್ಲ, ಅದಕ್ಕೇ ಈ ಗಣತಿ ಕೆಲಸಕ್ಕೆ ಹೆಸರು ಕೊಟ್ಟೆ. ನಾಲ್ಕು ಮನೆ ಬಾಗಿಲಾದ್ರೂ ತೆರೆಯತ್ತಲ್ಲ."

ಫೈಲು ಬಿಡಿಸಿದರು. "ಹೈನ್ಲೆ ಅಜ್ಜಿದು ಆಯ್ತು. ಒಬ್ರೇ. ಮಧ್ಯದ ಮನೇಲಿ ಬೆಲ್ ಮಾಡ್ದೆ, ಯಾರೂ ತೆಗೀಲಿಲ್ಲ. ಆದ್ರೆ ಬಾಗಿಲಲ್ಲಿ ಗುಡಿಸೋ ಹಲಗೆ ಇದೆ, ಮೆಟ್ಟಿಲು ಇನ್ನೂ ಒದ್ದೆ ಇದೆ. ಗುಡಿಸ್ತಾರೆ ಅಂದ್ಮೇಲೆ ಇದ್ದಾರೆ ಅಂತಾನೇ ಅರ್ಥ ಅಲ್ವಾ? ಸರದಿ ತಪ್ಪಿಸದೋರು ಸುಳ್ಳು ಹೇಳೋರಲ್ಲ. ನಿಮ್ಮ ತಂಗಿ ಅಂತ ಕಾಣತ್ತೆ. ಒಬ್ರು ಅಂತ ಬರ್ಕೊಂಡುಬಿಡ್ಲಾ?"

ಅವಳು ಬಾಯಿ ಕೂಡ ಬಿಡಬೇಕಿರಲಿಲ್ಲ. ತಲೆಯಾಡಿಸಿದರೆ ಸಾಕಿತ್ತು. ಊರಿನ ಪದವಿ, ಮೇಯರ್ ಹೇಳಿದ ಅಪ್ಪಟ ಬಂಗಾರ, ತನ್ನ ಮೂವತ್ತೊಂದು ವರ್ಷ, ಎಲ್ಲ ಉಳಿಯುತ್ತಿತ್ತು. ಅವಳ ಕತ್ತು ಅರ್ಧ ಬಗ್ಗಿಯೂ ಆಗಿತ್ತು.

ಲೋಸೆ ಪೆನ್ಸಿಲಿನ ತುದಿ ನೋಡುತ್ತ ತಮ್ಮಷ್ಟಕ್ಕೇ ಹೇಳಿದರು. "ಒಂದು ಅಂತ ಬರೆಯೋದು ಎಷ್ಟು ಕಷ್ಟ ಗೊತ್ತಾ ಮೇಡಂ? ನನ್ನ ಮನೇದು ನಾನೇ ತುಂಬಬೇಕಾಗಿ ಬಂದಾಗ ಕೈ ತಾನಾಗೇ ಎರಡು ಅಂತ ಬರೀತು. ನಲವತ್ತು ವರ್ಷದ ಅಭ್ಯಾಸ. ಹೆಂಡತಿ ಹೋಗಿ ಎರಡು ವರ್ಷದ ಮೇಲಾಯ್ತು. ರಬ್ಬರಲ್ಲಿ ಅಳಿಸಿ ಒಂದು ಅಂತ ಬರ್ದೆ. ಅಳಿಸಿದ ಗುರುತು ಇನ್ನೂ ಇದೆ."

ಗೆರ್ಲಿಂಡೆಗೆ ಮುಖಕ್ಕೆ ಯಾರೋ ಕೆಂಡ ಹಿಡಿದ ಹಾಗಾಯಿತು. ಈ ಮನುಷ್ಯ ಸತ್ತ ಹೆಂಡತಿಯನ್ನೂ ಲೆಕ್ಕಕ್ಕೆ ಸೇರಿಸದೆ ಅಳಿಸಿ ಬಂದಿದ್ದಾರೆ. ನಾನು ಬದುಕಿರುವ ತಂಗಿಯನ್ನು, ಅವಳು ಬೇಡವೆಂದು ಬರೆದುಕೊಟ್ಟ ಮೇಲೂ, ಬಾಗಿಲಿಗೆ ತೂಗುಹಾಕಿದ್ದೇನೆ.

"ಬರೀಬೇಡಿ" ಎಂದಳು. ಫೈಲಿನ ಮೇಲೆ ಕೈಯಿಟ್ಟು ಮತ್ತೆ ಹೇಳಿದಳು. "ಬರೀಬೇಡಿ. ಅಲ್ಲಿ ಯಾರೂ ಇಲ್ಲ. ಮೆಟ್ಟಿಲು ಗುಡಿಸೋಳು ನಾನು."

ಆಮೇಲೆ ಎಲ್ಲವನ್ನೂ ಹೇಳಿದಳು. ಅರ್ಜಿ, ಡ್ರಾಯರು, ಆ ಗುರುವಾರ. ಲೋಸೆ ಪೆನ್ಸಿಲ್ ಕೆಳಗಿಟ್ಟು ಬೆರಳು ಮಡಿಸಿ ಎಣಿಸಿದರು. ಸರ್ವೇಯರ್ ಅಲ್ಲವೇ, ಲೆಕ್ಕಕ್ಕೆ ಹೊತ್ತು ಹಿಡಿಯಲಿಲ್ಲ.

"ಅಂದ್ರೆ ಆವತ್ತು ನಾನು..." ಎಂದು ನಿಲ್ಲಿಸಿದರು.

"ಹೌದು. ನೀವೇ."

"ಹೂವು ಹೋಗ್ಲಿ ಬಿಡಿ, ನಂಗೆ ಹೂವಿನ ಹತ್ರ ಹೋದ್ರೆ ಸೀನು ಬರತ್ತೆ. ಈಜಂತೂ ಬರೋದೇ ಇಲ್ಲ. ಆದ್ರೆ ಆಗ ಹೆಂಡತಿ ಹೋಗಿ ನಾಲ್ಕೇ ತಿಂಗಳಾಗಿತ್ತು ಮೇಡಂ. ಆ ಊರಲ್ಲಿ ಇರಕ್ಕಾಗದೆ ಸೂಟ್‌ಕೇಸ್ ಎತ್ಕೊಂಡು ಬಂದಿದ್ದೆ. ಆವತ್ತು ಒಬ್ರು ಬನ್ನಿ ಅಂದಿದ್ರೆ ಸಾಕಾಗಿತ್ತು. ನೀವು ಸರೀರಿ ಅಂದ್ರಿ."

"ಬೈದುಬಿಡಿ. ಮೇಯರಿಗೆ ಹೇಳಿ, ಪೇಪರಿಗೆ ಹೇಳಿ" ಎಂದಳು ಗೆರ್ಲಿಂಡೆ. ಅವಳು ಅಳುತ್ತಿದ್ದಳು.

"ಹೇಳೋ ಹಾಗಿಲ್ಲ. ಪ್ರಮಾಣ ಮಾಡಿಸ್ಕೊಂಡಿದಾರೆ. ಇಲ್ಲಿ ಕೇಳಿದ್ದು ನನ್ನ ಬಾಯಿಂದ ಯಾರಿಗೂ ಹೋಗೋದಿಲ್ಲ, ನಿಮ್ಮ ಕೌಂಟರಿಗೂ ವಾಪಸ್ ಬರೋದಿಲ್ಲ. ಅದು ಕಾನೂನು, ನಿಮಗೇ ಗೊತ್ತು." ಮಧ್ಯದ ಮನೆಯ ಕಾಲಂನಲ್ಲಿ ಸೊನ್ನೆ ಬರೆದು ಫೈಲು ಮುಚ್ಚಿದರು. "ನನ್ನ ಕಾಗದ ಸರಿ ಆಯ್ತು. ನಿಮ್ಮ ಕಾಗದ ನಿಮ್ಮ ಡ್ರಾಯರಲ್ಲೇ ಇದೆ."

ಕಾಫಿ ಮುಟ್ಟಿರಲಿಲ್ಲ. ಹೊರಡುವಾಗ ಅವರು ಮುಂಬಾಗಿಲಿನ ಒದ್ದೆ ಮೆಟ್ಟಿಲ ಮೇಲೆ ಹೆಜ್ಜೆ ಮೂಡಬಾರದೆಂದು ತುದಿಗಾಲಿನಲ್ಲಿ ಇಳಿದುಹೋದರು.

ಬೈದಿದ್ದರೆ ಹಗುರಾಗುತ್ತಿತ್ತು. ಭಾನುವಾರವೆಲ್ಲ ಗೆರ್ಲಿಂಡೆ ಮನೆಯೊಳಗೇ ಇದ್ದಳು. ಸಂಜೆ ಮೇಲಕ್ಕೆ ಹೋಗಿ ತಂಗಿಯ ಬಾಗಿಲಿನಿಂದ ಹಲಗೆ ತೆಗೆದು, ಬೆಲ್ಲಿನ ಪಕ್ಕದ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಹೈನ್ಲೆ ಅಜ್ಜಿ ಕಟಕಟೆಯಲ್ಲಿ ನಿಂತು ನೋಡಿ, ಏನೂ ಕೇಳದೆ, ತನ್ನ ಬಾಗಿಲಿಗೆ ಹಾಕಿಕೊಳ್ಳಲು ಹಲಗೆಗೆ ಕೈ ಚಾಚಿದಳು.

ಸೋಮವಾರ ಏಳೂವರೆಗೆ, ಕಚೇರಿ ತೆರೆಯುವ ಮೊದಲೇ, ಅವಳು ಅರ್ಜಿಯನ್ನು ನಿಜವಾದ ತಾರೀಕಿನೊಂದಿಗೆ ಕಂಪ್ಯೂಟರಿಗೆ ಹಾಕಿದಳು. ತಡವಾದ ಕಾರಣ ಎಂಬ ಕಾಲಂನಲ್ಲಿ "ನಾನು ಬಚ್ಚಿಟ್ಟಿದ್ದೆ" ಎಂದು ಬರೆದು ಹೆಸರು ಹಾಕಿದಳು. ಮೊಗಸಾಲೆಯ ಹಲಗೆಯಲ್ಲಿ ಒಂಬತ್ತರ ತಗಡು ತೆಗೆದು ಎಂಟು ಸಿಕ್ಕಿಸಿದಳು. ಗಣತಿಯ ಫಲ ಬಂದಾಗ ಆ ಹಲಗೆಯ ಗತಿ ಏನಾಗುವುದೆಂದು ಅವಳಿಗೆ ಗೊತ್ತಿತ್ತು. ಮೇಯರ್ ಬರುವುದು ಒಂಬತ್ತಕ್ಕೆ. ಅಷ್ಟರೊಳಗೆ ಅವಳು ಹೋಗಲೇಬೇಕಾದ ಜಾಗ ಇನ್ನೊಂದಿತ್ತು.

ಬೇಕರಿಯಲ್ಲಿ ಸೋಮವಾರದ ಸಾಲು ಬಾಗಿಲವರೆಗೂ ಇತ್ತು. ಸಾಲಿನ ನಡುವೆ ಬೂದು ಕೋಟು ಕಂಡಿತು. ಲೋಸೆ ತಿರುಗಿ ನೋಡಿ ಪರಿಚಯವೇ ಇಲ್ಲದವರಂತೆ ಮುಂದಕ್ಕೆ ತಿರುಗಿಕೊಂಡರು. ಪ್ರಮಾಣ ಮಾಡಿದ ಮನುಷ್ಯ.

"ಫ್ರೌ ರಾಪ್! ಮುಂದೆ ಬನ್ನಿ, ದಾರಿ ಬಿಡ್ರಪ್ಪ!" ಎಂದು ಶ್ಪ್ರೆಸಾ ಕೂಗಿ, ಆಗಲೇ ಬೆಣ್ಣೆ ಸವರಿದ ಬ್ರೆಟ್ಸೆಲ್ ಎತ್ತಿ ಹಿಡಿದಳು. ಜನ ದಾರಿ ಬಿಟ್ಟರು. ಗೆರ್ಲಿಂಡೆ ಕೌಂಟರಿನ ಮುಂದೆ ಬಂದು ನಿಂತಳು. ಕೌಂಟರಿನ ಈ ಬದಿಯಲ್ಲಿ ನಿಲ್ಲುವುದು ಹೇಗಿರುತ್ತದೆಂದು ಅವಳಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

"ಶ್ಪ್ರೆಸಾ, ನೀನು ಇಪ್ಪತ್ತು ಸಾವಿರದವಳಲ್ಲ" ಎಂದಳು. ಊರಿಗೆ ಗೊತ್ತಿದ್ದ ಅದೇ ದೊಡ್ಡ ದನಿಯಲ್ಲಿ, ಹಿಂದೆ ನಿಂತವರಿಗೆಲ್ಲ ಕೇಳುವಂತೆ ಹೇಳಿದಳು. "ನಮ್ಮನೇದು ಒಂದು ಹೆಸರು ತೆಗೀಬೇಕಿತ್ತು, ನಾನು ತೆಗೀಲಿಲ್ಲ. ಸುಳ್ಳು ಹೇಳಿ ನಿನ್ನ ಕೈಗೆ ಹೂ ಕೊಡಿಸ್ದೆ. ಆವತ್ತು ನಿನ್ನ ಹಿಂದೆ ನಿಂತಿದ್ರಲ್ಲ, ನಾನು ಸರೀರಿ ಅಂದೆನಲ್ಲ, ಇಪ್ಪತ್ತು ಸಾವಿರ ಅವರದು. ಎರಡು ವರ್ಷದಿಂದ ಗೊತ್ತಿದ್ದೂ ನಿನ್ನ ಬ್ರೆಟ್ಸೆಲ್ ತಿಂದೆ."

ಶ್ಪ್ರೆಸಾ ತಿರುಗಿ ಗೋಡೆಯ ಮೇಲಿನ ಫೋಟೋ ನೋಡಿದಳು. ಅವಳ ಕಣ್ಣು ತನ್ನ ನಗುಮುಖದಿಂದ ಬಲ ಅಂಚಿನ ಅರ್ಧ ಸೂಟ್‌ಕೇಸಿಗೆ ಹೋಗಿ, ಅಲ್ಲಿಂದ ಸಾಲಿನಲ್ಲಿದ್ದ ಬೂದು ಕೋಟಿಗೆ ಹೋಯಿತು. ಲೋಸೆ ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ನಮ್ಮಮ್ಮನಿಗೆ ನಾನೀಗ ಏನು ಹೇಳ್ಲಿ?" ಎಂದಳು ಹುಡುಗಿ. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದಳು.

ಶ್ಪ್ರೆಸಾ ಬ್ರೆಟ್ಸೆಲನ್ನು ಮೆಲ್ಲಗೆ ತಟ್ಟೆಯ ಮೇಲೆ ವಾಪಸ್ಸಿಟ್ಟಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಆಮೇಲೆ ಗೆರ್ಲಿಂಡೆಯ ಹೆಗಲಾಚೆ ನೋಡುತ್ತ, "ಬನ್ನಿ, ಹೆರ್ ಲೋಸೆ" ಎಂದಳು. ಅವರು ಕದಲಲಿಲ್ಲ. ನಡುವೆ ಒಬ್ಬಳು ಇನ್ನೂ ನಿಂತಿದ್ದಳಲ್ಲ.

ಹುಡುಗಿ ಆಗ ಅವಳನ್ನು ನೋಡಿದಳು.

"ಸ್ವಲ್ಪ ಆ ಕಡೆ ಸರೀರಿ, ಫ್ರೌ ರಾಪ್" ಎಂದಳು. "ಮುಂದಿನವರು."

ಗೆರ್ಲಿಂಡೆ ಸರಿದು ನಿಂತಳು.